ಇನ್‌ಸ್ಟಾಲರ್‌ಗೆ ನಮ್ಮ ಡಾಟ್‌ಫೈಲ್ ಏಕೆ ಬೇಕು?

ದೂರದ ಸರ್ವರ್‌ಗೆ ಲಾಗಿನ್ ಆದಾಗಲೆಲ್ಲ ತೆರೆಯ ಮೇಲೊಂದು ‘ನಮಸ್ಕಾರ’ ಕಾಣಲಿ ಎಂದು ಯಾರೋ ಆಸೆಪಟ್ಟರು ಎಂದುಕೊಳ್ಳೋಣ. ಅದಕ್ಕೆ ಬೇಕಾದದ್ದು ಒಂದೇ ಸಾಲು. ಸರ್ವರ್‌ನಲ್ಲಿರುವ ತಮ್ಮ ಡಾಟ್ ಬ್ಯಾಶ್‌ಆರ್‌ಸಿ ಫೈಲಿನ ತಲೆಯಲ್ಲಿ, ನಮಸ್ಕಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿಸುವ ಎಕೋ ಕಮಾಂಡ್ ಬರೆದರೆ ಮುಗಿಯಿತು. ಲಾಗಿನ್ ಆದರೆ ನಮಸ್ಕಾರ ಬರುತ್ತದೆ, ಮನಸ್ಸು ಹಿಗ್ಗುತ್ತದೆ. ಮರುದಿನ ಅದೇ ಸರ್ವರ್‌ಗೆ ಎಸ್‌ಎಫ್‌ಟಿಪಿ ಮೂಲಕ ಫೈಲ್ ಕಳಿಸಲು ಹೋದರೆ ಸಂಪರ್ಕವೇ ಕಡಿದುಹೋಗುತ್ತದೆ. ಬಂದ ಸಂದೇಶ ಅತಿ ಉದ್ದವಾಯಿತು, ಅದರ ಉದ್ದ 1315007841 ಎಂಬ ದೂರು ತೆರೆಯ ಮೇಲೆ ನಿಲ್ಲುತ್ತದೆ.

131 ಕೋಟಿ ಬೈಟ್ ಉದ್ದದ ಸಂದೇಶವನ್ನು ಯಾರೂ ಕಳಿಸಿಲ್ಲ. ಎಸ್‌ಎಫ್‌ಟಿಪಿ ನಿಯಮದಂತೆ ಪ್ರತಿ ಸಂದೇಶದ ಮೊದಲ ನಾಲ್ಕು ಬೈಟ್‌ಗಳು ಆ ಸಂದೇಶದ ಉದ್ದವನ್ನು ಹೇಳಬೇಕು. ಸಂಖ್ಯೆ ಇರಬೇಕಾದ ಆ ಜಾಗದಲ್ಲಿ ನಮಸ್ಕಾರದ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಬಂದು ಕೂತಿವೆ: ಎನ್, ಎ, ಎಂ, ಎ. ಕಂಪ್ಯೂಟರ್‌ನ ಲೆಕ್ಕದಲ್ಲಿ ಅವು 78, 97, 109, 97. ಈ ನಾಲ್ಕನ್ನೂ ಜೋಡಿಸಿ ಒಂದೇ ಸಂಖ್ಯೆಯೆಂದು ಓದಿದರೆ ಸಿಗುವುದು 1315007841. ಓಪನ್‌ಎಸ್‌ಎಸ್‌ಎಚ್ ಒಂದು ಸಂದೇಶಕ್ಕೆ ಇಟ್ಟಿರುವ ಮಿತಿ 262144 ಬೈಟ್. ಮಿತಿ ಮೀರಿದ್ದನ್ನು ಕಂಡ ಪ್ರೋಗ್ರಾಂ ಅಲ್ಲಿಗೇ ಕೈಚೆಲ್ಲುತ್ತದೆ.

ಮನುಷ್ಯರು ಓದಲೆಂದು ಬರೆದ ಸಾಲನ್ನು ಯಂತ್ರ ಓದಿತು, ಎಡವಟ್ಟಾಯಿತು. ಫೈಲ್ ಕಳಿಸುವಾಗಿನ ಎಡವಟ್ಟು ತಕ್ಷಣ ಕಣ್ಣಿಗೆ ಬೀಳುತ್ತದೆ. ಹೊಸ ಸಾಫ್ಟ್‌ವೇರ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವಾಗ ಇದೇ ಬಗೆಯ ಎಡವಟ್ಟಾದರೆ ಅಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಕೆಲಸ ಅರ್ಧ ದಾರಿಯಲ್ಲಿ, ಸಂಬಂಧವೇ ಇಲ್ಲದ ಯಾವುದೋ ದೋಷ ತೋರಿಸಿ ನಿಲ್ಲುತ್ತದೆ. ಇಲ್ಲವೇ ಎಲ್ಲವೂ ಸರಿಯಾಗಿ ಮುಗಿದಂತೆ ಕಂಡು, ತಿಂಗಳು ಕಳೆದ ಮೇಲೆ ಕೈಕೊಡುತ್ತದೆ. ಆಗ ಬಲ್ಲವರಿಂದ ಬರುವ ಉತ್ತರ ಒಂದೇ: ‘ನಿಮ್ಮ ಬ್ಯಾಶ್‌ಆರ್‌ಸಿಯಲ್ಲಿ ಏನೋ ಇದೆ, ನೋಡಿಕೊಳ್ಳಿ.’ ಈ ಉತ್ತರ ಹೊಣೆಯನ್ನು ತಪ್ಪಾದ ಹೆಗಲಿಗೆ ಹೊರಿಸುತ್ತದೆ. ತನ್ನ ಕಂಪ್ಯೂಟರನ್ನು ತನಗೆ ಒಗ್ಗುವಂತೆ ಹೊಂದಿಸಿಕೊಳ್ಳುವುದು ಬಳಕೆದಾರರ ಹಕ್ಕು. ತನಗೆಂದು ಬರೆಯದ ಫೈಲನ್ನು ಕೇಳದೆ ಓದಿ ಎಡವಿದ್ದು ಇನ್‌ಸ್ಟಾಲರ್. ಸರಿಪಡಿಸಿಕೊಳ್ಳಬೇಕಾದದ್ದೂ ಅದೇ.

ಲಿನಕ್ಸ್ ಮತ್ತು ಮ್ಯಾಕ್ ಕಂಪ್ಯೂಟರುಗಳ ಹೋಮ್ ಫೋಲ್ಡರಿನಲ್ಲಿ ಬ್ಯಾಶ್‌ಆರ್‌ಸಿಯಂಥ ಡಾಟ್‌ಫೈಲುಗಳು ಡಜನ್‌ಗಟ್ಟಲೆ ಇರುತ್ತವೆ. ಹೆಸರಿನ ಮೊದಲಿಗೆ ಚುಕ್ಕೆ ಇರುವುದರಿಂದ ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ. ಹೀಗೆ ಕಾಣದಂತಾದದ್ದೂ ಯಾರೋ ಕೂತು ಯೋಚಿಸಿ ಮಾಡಿದ್ದಲ್ಲ. ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಬಳಗದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಆ ಕಥೆಯನ್ನು ಬರೆದಿದ್ದಾರೆ. ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್ ಕಮಾಂಡ್, ಒಂದು ಚುಕ್ಕೆ ಮತ್ತು ಎರಡು ಚುಕ್ಕೆ ಎಂಬ ಎರಡು ವಿಶೇಷ ಹೆಸರುಗಳನ್ನಷ್ಟೇ ಬಿಡಬೇಕಿತ್ತು. ಕೋಡ್ ಬರೆದವರು ಅಡ್ಡದಾರಿ ಹಿಡಿದು, ಚುಕ್ಕೆಯಿಂದ ಶುರುವಾಗುವ ಹೆಸರನ್ನೆಲ್ಲ ಬಿಟ್ಟುಬಿಟ್ಟರು. ಬಚ್ಚಿಡಲು ಪುಕ್ಕಟೆ ಜಾಗ ಸಿಕ್ಕಿದ ಮೇಲೆ ಪ್ರೋಗ್ರಾಂಗಳು ಒಂದರ ಹಿಂದೊಂದು ಅಲ್ಲಿ ಬಿಡಾರ ಹೂಡಿದವು. ಕಮಾಂಡ್‌ಗಳನ್ನು ಓಡಿಸುವ ಬ್ಯಾಶ್ ಶೆಲ್‌ಗೆ ಬ್ಯಾಶ್‌ಆರ್‌ಸಿ, ವಿಮ್ ಎಡಿಟರ್‌ಗೆ ವಿಮ್‌ಆರ್‌ಸಿ, ಸಂಖ್ಯಾಶಾಸ್ತ್ರದವರ ಆರ್ ಭಾಷೆಗೆ ಆರ್‌ಪ್ರೊಫೈಲ್, ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂಗೆ ಎನ್‌ಪಿಎಂಆರ್‌ಸಿ. ಇವುಗಳಲ್ಲಿ ಕೆಲವು ಬರೀ ಸೆಟ್ಟಿಂಗ್‌ಗಳ ಪಟ್ಟಿ. ಬ್ಯಾಶ್‌ಆರ್‌ಸಿ, ಆರ್‌ಪ್ರೊಫೈಲ್‌ನಂಥವು ಹಾಗಲ್ಲ. ಅವು ಪೂರ್ತಿ ಪ್ರೋಗ್ರಾಂಗಳೇ, ಪ್ರತಿ ಸಲ ಶುರುವಾಗುವಾಗಲೂ ಓಡುತ್ತವೆ.

ಇನ್‌ಸ್ಟಾಲ್ ಕೆಲಸ ಹೊರಗಿನಿಂದ ನೋಡುವವರಿಗೆ ಒಂದು ಕಮಾಂಡ್, ಒಳಗೆ ಅದೊಂದು ದೊಡ್ಡ ಮೇಳ. ಒಂದು ಪ್ರೋಗ್ರಾಂ ಶೆಲ್ ಅನ್ನು ಎಬ್ಬಿಸುತ್ತದೆ, ಶೆಲ್ ಇನ್ನೊಂದು ಸ್ಕ್ರಿಪ್ಟನ್ನು, ಸ್ಕ್ರಿಪ್ಟು ಕಂಪೈಲರನ್ನು, ಅದು ಮತ್ತೊಂದನ್ನು. ಹೀಗೆ ಎದ್ದ ಪ್ರತಿಯೊಂದೂ ತನ್ನ ಹಿಂದಿನದರಿಂದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಪಡೆಯುತ್ತದೆ, ಕೆಲವು ತಮ್ಮದೇ ಸ್ಟಾರ್ಟಪ್ ಫೈಲನ್ನೂ ತೆರೆದು ಓದುತ್ತವೆ. ಕೀಬೋರ್ಡ್ ಮುಂದೆ ಕೂತವರ ಅನುಕೂಲಕ್ಕೆ ಬರೆದ ಸಾಲು, ಕೀಬೋರ್ಡೇ ಇಲ್ಲದ ಕಡೆ ಜಾರಿಗೆ ಬರುವುದು ಹೀಗೆ.

ಗ್ರೆಪ್ ಕಮಾಂಡ್‌ನ ಪ್ರಸಂಗ ಇದಕ್ಕೆ ಒಳ್ಳೆಯ ಸಾಕ್ಷಿ. ಫೈಲುಗಳಲ್ಲಿ ಪದ ಹುಡುಕಿಕೊಡುವ ಈ ಪ್ರೋಗ್ರಾಂಗೆ ‘ಗ್ರೆಪ್ ಆಪ್ಷನ್ಸ್’ ಎಂಬ ವೇರಿಯಬಲ್ ಇತ್ತು. ಅದರಲ್ಲಿ ಬರೆದ ಆಯ್ಕೆ ಪ್ರತಿ ಹುಡುಕಾಟಕ್ಕೂ ತಾನಾಗಿ ಅನ್ವಯಿಸುತ್ತಿತ್ತು. ಸಿಕ್ಕ ಪದ ಯಾವಾಗಲೂ ಬಣ್ಣದಲ್ಲಿ ಹೊಳೆಯಲಿ ಎಂದು ಎಷ್ಟೋ ಜನ ಅದನ್ನು ತಮ್ಮ ಬ್ಯಾಶ್‌ಆರ್‌ಸಿಗೆ ಸೇರಿಸಿಕೊಂಡರು. ಟರ್ಮಿನಲ್‌ನಲ್ಲಿ ಬಣ್ಣವೆಂದರೆ ಪದದ ಹಿಂದೆ ಮುಂದೆ ಸೇರುವ ಕೆಲವು ಗುಪ್ತ ಅಕ್ಷರಗಳು. ಸಾಫ್ಟ್‌ವೇರ್ ಕಟ್ಟುವ ಸ್ಕ್ರಿಪ್ಟು ಇದೇ ಗ್ರೆಪ್ ಬಳಸಿ ವರ್ಷನ್ ಸಂಖ್ಯೆಯನ್ನೋ ಫೋಲ್ಡರಿನ ಹೆಸರನ್ನೋ ಹೆಕ್ಕಿದಾಗ ಆ ಗುಪ್ತ ಅಕ್ಷರಗಳೂ ಅಂಟಿಕೊಂಡೇ ಬರುತ್ತಿದ್ದವು. ಕಣ್ಣಿಗೆ ಸರಿಯಾಗಿ ಕಾಣುವ ಹೆಸರು, ಕಂಪ್ಯೂಟರ್‌ಗೆ ಇಲ್ಲದ ಹೆಸರು! ಕೊನೆಗೆ 2014ರ ನವೆಂಬರ್‌ನಲ್ಲಿ ಗ್ನೂ ಗ್ರೆಪ್‌ನ 2.21 ಆವೃತ್ತಿ ಈ ಸೌಲಭ್ಯ ಬಳಸಿದರೆ ಎಚ್ಚರಿಕೆ ಕೊಡತೊಡಗಿತು, 2020ರ 3.6 ಆವೃತ್ತಿ ಅದನ್ನು ಪೂರ್ತಿ ಕೈಬಿಟ್ಟಿತು. ಬಣ್ಣ ಬೇಕಿದ್ದವರಿಗೆ ಅಲಿಯಾಸ್ ಎಂಬ ಬೇರೆ ದಾರಿ ಇದ್ದೇ ಇದೆ. ಅದು ಟರ್ಮಿನಲ್‌ನಲ್ಲಿ ಕೂತು ಟೈಪ್ ಮಾಡುವವರಿಗೆ ಮಾತ್ರ ಅನ್ವಯಿಸುತ್ತದೆ, ಸ್ಕ್ರಿಪ್ಟುಗಳ ತಂಟೆಗೆ ಹೋಗುವುದಿಲ್ಲ.

ಇಂಥದ್ದೇ ಇನ್ನೊಂದು ವೇರಿಯಬಲ್ ಸಿಡಿಪಾತ್. ಪದೇಪದೇ ಹೋಗುವ ಫೋಲ್ಡರುಗಳನ್ನು ಅದರಲ್ಲಿ ಬರೆದಿಟ್ಟರೆ ಸಿಡಿ ಕಮಾಂಡ್‌ಗೆ ಪೂರ್ತಿ ವಿಳಾಸ ಕೊಡುವ ಕಷ್ಟ ತಪ್ಪುತ್ತದೆ. ಆದರೆ ಹಾಗೆ ಹುಡುಕಿ ತಲುಪಿದಾಗಲೆಲ್ಲ ಸಿಡಿ ತಾನು ಸೇರಿದ ಜಾಗದ ಹೆಸರನ್ನು ಮುದ್ರಿಸುತ್ತದೆ. ಒಂದು ಫೋಲ್ಡರಿಗೆ ಹೋಗಿ ಅದರ ವಿಳಾಸ ಬರೆದುಕೊಳ್ಳುವ ಸ್ಕ್ರಿಪ್ಟಿಗೆ ಆಗ ವಿಳಾಸ ಎರಡೆರಡು ಸಲ ಸಿಗುತ್ತದೆ. 1991ರಲ್ಲಿ ಡೇವಿಡ್ ಮೆಕೆಂಜಿ ಶುರುಮಾಡಿದ ಆಟೋಕಾನ್ಫ್, ಸಾವಿರಾರು ಸಾಫ್ಟ್‌ವೇರ್‌ಗಳ ಕಾನ್ಫಿಗರ್ ಸ್ಕ್ರಿಪ್ಟುಗಳನ್ನು ಹೆಣೆದುಕೊಡುವ ಸಾಧನ. ಅದರ ಕೈಪಿಡಿಯಲ್ಲಿ ಈ ಸಿಡಿಪಾತ್ ಬಗ್ಗೆಯೇ ಪ್ರತ್ಯೇಕ ಎಚ್ಚರಿಕೆ ಇದೆ. ಆಟೋಕಾನ್ಫ್ ಹುಟ್ಟಿಸುವ ಸ್ಕ್ರಿಪ್ಟುಗಳು ಕೆಲಸಕ್ಕೆ ಇಳಿಯುವ ಮೊದಲೇ ಸಿಡಿಪಾತ್ ಅನ್ನು ಅಳಿಸುತ್ತವೆ, ಬ್ಯಾಶ್ ಎನ್ವ್ ಎಂಬುದನ್ನು ಅಳಿಸುತ್ತವೆ, ಭಾಷೆಯ ಸೆಟ್ಟಿಂಗನ್ನು ‘ಸಿ’ ಎಂಬ ತಟಸ್ಥ ಸ್ಥಿತಿಗೆ ತರುತ್ತವೆ. ಬಳಕೆದಾರರನ್ನು ಬೈಯುವ ಬದಲು ತಾನೇ ಎಚ್ಚರ ವಹಿಸುವ ಈ ಕ್ರಮವೇ ಸರಿ.

ಭಾಷೆಯ ಸೆಟ್ಟಿಂಗ್ ಕನ್ನಡಿಗರಿಗೂ ತಟ್ಟುವ ಸಂಗತಿ. ಡೆಬಿಯನ್ ಇನ್‌ಸ್ಟಾಲರ್ ಮಾತಾಡುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಕಂಪ್ಯೂಟರನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಡೇಟ್ ಕಮಾಂಡ್ ವಾರದ ಹೆಸರನ್ನು ಕನ್ನಡದಲ್ಲೇ ಹೇಳುತ್ತದೆ. ಅದು ಚಂದ. ‘ಮಂಡೇ’ ಎಂಬ ಇಂಗ್ಲಿಷ್ ಪದವನ್ನೇ ನಂಬಿ ಬರೆದ ಸ್ಕ್ರಿಪ್ಟು ಅಲ್ಲಿ ಮುಗ್ಗರಿಸುತ್ತದೆ. ತುರ್ಕಿ ಭಾಷೆಯವರ ಗೋಳು ಇದಕ್ಕಿಂತ ಹಳೆಯದು. ದೊಡ್ಡ ‘ಐ’ ಅಕ್ಷರವನ್ನು ಚಿಕ್ಕದು ಮಾಡಿದರೆ ಅವರ ಭಾಷೆಯಲ್ಲಿ ತಲೆಯ ಮೇಲೆ ಚುಕ್ಕೆಯಿಲ್ಲದ ಬೇರೆಯೇ ಅಕ್ಷರ ಬರುತ್ತದೆ. ಇದನ್ನು ಎಣಿಸದೆ ಬರೆದ ಪ್ರೋಗ್ರಾಂಗಳು ತುರ್ಕಿ ಸೆಟ್ಟಿಂಗ್‌ನಲ್ಲಿ ಕಟ್ಟುವಾಗಲೋ ಓಡುವಾಗಲೋ ಕೆಟ್ಟು ನಿಂತದ್ದುಂಟು. ಇದಕ್ಕೆ ಪರಿಹಾರವೆಂದು ‘ಕಂಪ್ಯೂಟರನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳಿ’ ಎಂಬ ಸಲಹೆ ಕೊಡುವುದು ಅನ್ಯಾಯ. ತೆರೆಯ ಮೇಲೆ ಕಾಣುವುದು ಬಳಕೆದಾರರ ಭಾಷೆಯಲ್ಲಿರಲಿ, ತೆರೆಯ ಹಿಂದೆ ನಡೆಯುವ ಇನ್‌ಸ್ಟಾಲ್ ಕೆಲಸ ತಟಸ್ಥ ಸ್ಥಿತಿಯಲ್ಲಿರಲಿ. ಎರಡನ್ನೂ ಬೇರೆ ಇಡುವುದು ತಾಂತ್ರಿಕವಾಗಿ ಕಷ್ಟದ ಮಾತಲ್ಲ.

ಆರ್ ಭಾಷೆಯ ಉದಾಹರಣೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಲ್ಲಿ ಪ್ಯಾಕೇಜ್ ಇನ್‌ಸ್ಟಾಲ್ ಮಾಡು ಎಂದರೆ ತೆರೆದಿರುವ ಆರ್ ತಾನೇ ಆ ಕೆಲಸ ಮಾಡುವುದಿಲ್ಲ. ಮೂಲ ಕೋಡಿನಿಂದ ಕಟ್ಟುವಾಗ ಅದು ಹಿನ್ನೆಲೆಯಲ್ಲಿ ಇನ್ನೊಂದು ಆರ್ ಅನ್ನು ಎಬ್ಬಿಸುತ್ತದೆ. ಎದ್ದ ಆ ಆರ್ ಬಳಕೆದಾರರ ಆರ್‌ಪ್ರೊಫೈಲ್ ಫೈಲನ್ನು ಓದುತ್ತದೆ. ಈಗ ಆ ಫೈಲಿನಲ್ಲಿ ‘ಈ ಪ್ಯಾಕೇಜ್ ಇಲ್ಲದಿದ್ದರೆ ಮೊದಲು ಇನ್‌ಸ್ಟಾಲ್ ಮಾಡು’ ಎಂಬ ಜಾಣ ಸಾಲು ಇದೆಯೆಂದುಕೊಳ್ಳಿ. ಹೊಸ ಕಂಪ್ಯೂಟರಿನಲ್ಲಿ ಮೊದಲ ಆರ್ ಶುರುವಾಗುತ್ತದೆ, ಪ್ಯಾಕೇಜ್ ಇಲ್ಲದ್ದನ್ನು ಕಂಡು ಎರಡನೆಯ ಆರ್ ಅನ್ನು ಕರೆಯುತ್ತದೆ. ಎರಡನೆಯದೂ ಅದೇ ಸಾಲು ಓದಿ, ಪ್ಯಾಕೇಜ್ ಇನ್ನೂ ಇಲ್ಲದ್ದನ್ನು ಕಂಡು ಮೂರನೆಯದನ್ನು ಕರೆಯುತ್ತದೆ. ಯಾರೂ ಕೆಲಸ ಮಾಡುವುದಿಲ್ಲ, ಎಲ್ಲರೂ ಕರೆಯುತ್ತಲೇ ಇರುತ್ತಾರೆ. ಕಂಪ್ಯೂಟರಿನ ಮೆಮೊರಿ ಮುಗಿಯುವವರೆಗೂ ಈ ಆಟ ನಡೆಯಬಹುದು.

ಆರ್‌ನಲ್ಲೇ ಇನ್ನೊಂದು ಪಾಠವಿದೆ. ಅಕ್ಷರಗಳಿರುವ ಕಾಲಂಗಳನ್ನು ‘ಫ್ಯಾಕ್ಟರ್’ ಎಂಬ ವರ್ಗಸೂಚಕವಾಗಿ ತಾನಾಗಿಯೇ ಬದಲಿಸುವ ಹಳೆಯ ಅಭ್ಯಾಸ ಆ ಭಾಷೆಗಿತ್ತು. ಇದರಿಂದ ರೇಗಿದವರು ತಮ್ಮ ಆರ್‌ಪ್ರೊಫೈಲ್‌ನಲ್ಲಿ ‘ಹಾಗೆ ಮಾಡಬೇಡ’ ಎಂದು ಬರೆದುಕೊಂಡರು. ಅವರ ಕಂಪ್ಯೂಟರಿನಲ್ಲಿ ಎಲ್ಲ ಸರಿ. ಅವರು ಬರೆದ ಕೋಡನ್ನು ಸಹೋದ್ಯೋಗಿಯ ಕಂಪ್ಯೂಟರಿನಲ್ಲಿ ಓಡಿಸಿದರೆ ಬೇರೆ ಉತ್ತರ, ಕೆಲವೊಮ್ಮೆ ದೋಷ. ಒಂದೇ ಕೋಡ್, ಒಂದೇ ದತ್ತಾಂಶ, ಎರಡು ಫಲಿತಾಂಶ. 2020ರ ಏಪ್ರಿಲ್‌ನಲ್ಲಿ ಬಂದ 4.0.0 ಆವೃತ್ತಿ ಆ ಮೂಲ ಅಭ್ಯಾಸವನ್ನೇ ಬದಲಿಸಿತು. ಅಷ್ಟು ವರ್ಷ ಎಷ್ಟೋ ಜನರ ಲೆಕ್ಕಾಚಾರ ನಿಂತದ್ದು ಕಾಣದ ಫೈಲಿನ ಒಂದು ಸಾಲಿನ ಮೇಲೆ.

ಪೈಥಾನ್ ಲೋಕದಲ್ಲಿ ಸಮಸ್ಯೆ ಬೇರೆ ರೂಪದ್ದು. 2008ರಲ್ಲಿ ಪೈಥಾನ್ 2.6ರೊಂದಿಗೆ ಪ್ರತಿ ಬಳಕೆದಾರರಿಗೂ ಹೋಮ್ ಫೋಲ್ಡರಿನೊಳಗೆ ಸ್ವಂತ ಪ್ಯಾಕೇಜ್ ಉಗ್ರಾಣ ಬಂತು. ಅಡ್ಮಿನ್ ಅನುಮತಿ ಇಲ್ಲದವರೂ ಬೇಕಾದ ಪ್ಯಾಕೇಜ್ ಹಾಕಿಕೊಳ್ಳಬಹುದು ಎಂಬುದು ಇದರ ಲಾಭ. ಆದರೆ ಪೈಥಾನ್ ಪ್ಯಾಕೇಜ್ ಹುಡುಕುವಾಗ ಈ ಸ್ವಂತ ಉಗ್ರಾಣವನ್ನು ವ್ಯವಸ್ಥೆಯ ಉಗ್ರಾಣಕ್ಕಿಂತ ಮೊದಲು ನೋಡುತ್ತದೆ. ಪಾಠಕ್ಕೆಂದೋ ಪ್ರಯೋಗಕ್ಕೆಂದೋ ಹಾಕಿಕೊಂಡ ಹೊಸ ಆವೃತ್ತಿಯನ್ನು ಲಿನಕ್ಸ್‌ನ ಸ್ವಂತ ಸಾಧನಗಳೂ ಎತ್ತಿಕೊಂಡು ಕೆಡುತ್ತವೆ. ಫೆಡೋರಾ ಇದಕ್ಕೆ ಕಂಡುಕೊಂಡ ಉಪಾಯ ಸರಳ. ತಾನು ಹಂಚುವ ಪೈಥಾನ್ ಪ್ರೋಗ್ರಾಂಗಳ ಮೊದಲ ಸಾಲಿಗೆ ‘-ಎಸ್’ ಎಂಬ ಆಯ್ಕೆ ಸೇರಿಸುತ್ತದೆ. ಬಳಕೆದಾರರ ಉಗ್ರಾಣದ ಕಡೆ ನೋಡಬೇಡ ಎಂಬುದು ಅದರ ಅರ್ಥ.

ಡೆಬಿಯನ್ ಮತ್ತು ಉಬುಂಟು 2023ರಲ್ಲಿ ಇನ್ನೂ ಕಟ್ಟುನಿಟ್ಟಾದವು. ವ್ಯವಸ್ಥೆಯ ಪೈಥಾನ್‌ಗೆ ಪಿಪ್ ಎಂಬ ಇನ್‌ಸ್ಟಾಲರ್ ಮೂಲಕ ನೇರವಾಗಿ ಪ್ಯಾಕೇಜ್ ಹಾಕಲು ಹೋದರೆ ಈಗ ತಡೆ ಬೀಳುತ್ತದೆ, ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ ಎಂಬ ಸಲಹೆ ಬರುತ್ತದೆ. ತಡೆ ದಾಟಲು ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ, ಹೆಸರಲ್ಲೇ ಬೆದರಿಕೆ ಇರುವ ಆಯ್ಕೆ ಇದೆ. ಅದನ್ನು ಪ್ರತಿ ಸಲ ಟೈಪ್ ಮಾಡಲು ಬೇಸರವಾಗಿ ಪಿಪ್‌ನ ಸೆಟ್ಟಿಂಗ್ ಫೈಲಿನಲ್ಲೇ ಕಾಯಂ ಮಾಡಿಕೊಳ್ಳುವವರೂ ಇದ್ದಾರೆ. ಅದೇ ಫೈಲಿನಲ್ಲಿ ‘ಯಾವಾಗಲೂ ನನ್ನ ಉಗ್ರಾಣಕ್ಕೇ ಹಾಕು’ ಎಂದು ಬರೆದಿಟ್ಟವರು ವರ್ಚುವಲ್ ಎನ್ವಿರಾನ್‌ಮೆಂಟ್‌ಗೆ ಹೋದರೆ, ಇಲ್ಲಿ ಹಾಗೆ ಹಾಕಲಾಗದು ಎಂದು ಪಿಪ್ ಮುಖ ತಿರುಗಿಸುತ್ತದೆ. ರಕ್ಷಣೆಗೆಂದು ಕಟ್ಟಿದ ಗೋಡೆಗೂ ಹಳೆಯ ಸೆಟ್ಟಿಂಗ್‌ಗೂ ಅಲ್ಲಿ ಜಗಳ.

ದತ್ತಾಂಶ ವಿಜ್ಞಾನ ಕಲಿಯುವವರು ಮೊದಲು ಹಾಕಿಕೊಳ್ಳುವ ಅನಕೊಂಡ ಬಳಕೆದಾರರ ಬ್ಯಾಶ್‌ಆರ್‌ಸಿಗೆ ತನ್ನದೊಂದು ತುಣುಕನ್ನು ಸೇರಿಸಬಲ್ಲದು. ಸೇರಿಸಿದ ಮೇಲೆ ಟರ್ಮಿನಲ್ ತೆರೆದಾಗಲೆಲ್ಲ ಅದರದೇ ಪೈಥಾನ್, ಅದರದೇ ಲೈಬ್ರರಿಗಳು ಮುಂದೆ ನಿಲ್ಲುತ್ತವೆ. ಬೇರೆ ಸಾಫ್ಟ್‌ವೇರನ್ನು ಮೂಲದಿಂದ ಕಟ್ಟಲು ಹೊರಟರೆ ಅದರ ಕಾನ್ಫಿಗರ್ ಸ್ಕ್ರಿಪ್ಟು ಅನಕೊಂಡದ ಫೋಲ್ಡರಿನಲ್ಲಿರುವ ಸಹಾಯಕ ಪ್ರೋಗ್ರಾಂಗಳನ್ನು ಕಂಡು, ಇದೇ ವ್ಯವಸ್ಥೆಯದು ಎಂದು ನಂಬಿ, ಎರಡು ಕಡೆಯ ಲೈಬ್ರರಿಗಳನ್ನು ಕಲಸುತ್ತದೆ. ಮ್ಯಾಕ್‌ನ ಹೋಂಬ್ರೂ ತನ್ನ ‘ಡಾಕ್ಟರ್’ ಕಮಾಂಡ್‌ನಲ್ಲಿ ಇಂಥ ಹೊರಗಿನ ಕಾನ್ಫಿಗ್ ಪ್ರೋಗ್ರಾಂಗಳ ಬಗ್ಗೆ ಎಚ್ಚರಿಕೆ ಕೊಟ್ಟದ್ದುಂಟು. ಅಷ್ಟಕ್ಕೇ ನಿಲ್ಲದೆ ತಾನು ಸಾಫ್ಟ್‌ವೇರ್ ಕಟ್ಟುವಾಗ ಬಳಕೆದಾರರ ವೇರಿಯಬಲ್‌ಗಳನ್ನು ಸೋಸಿ, ಬೇಕಾದಷ್ಟನ್ನು ಮಾತ್ರ ಒಳಗೆ ಬಿಡುತ್ತದೆ.

ಸದ್ದಿಲ್ಲದೆ ಕೆಡಿಸುವುದರಲ್ಲಿ ಉಮಾಸ್ಕ್ ಎತ್ತಿದ ಕೈ. ಹೊಸದಾಗಿ ಹುಟ್ಟುವ ಫೈಲನ್ನು ಯಾರು ಓದಬಹುದು ಎಂಬುದನ್ನು ಇದು ತೀರ್ಮಾನಿಸುತ್ತದೆ. ಗುಟ್ಟು ಕಾಯುವವರು ತಮ್ಮ ಪ್ರೊಫೈಲ್ ಫೈಲಿನಲ್ಲಿ 077 ಎಂದು ಬರೆದುಕೊಳ್ಳುತ್ತಾರೆ, ಅಂದರೆ ‘ನನ್ನ ಫೈಲು ನನಗೆ ಮಾತ್ರ.’ ಆಮೇಲೆ ಅಡ್ಮಿನ್ ಅಧಿಕಾರ ಕೊಡುವ ಸುಡೋ ಕಮಾಂಡ್ ಬಳಸಿ ಎಲ್ಲರಿಗೂ ಬೇಕಾದ ಸಾಫ್ಟ್‌ವೇರ್ ಹಾಕುತ್ತಾರೆ. ಸುಡೋ ತನ್ನ 022 ಎಂಬ ಮಿತಿಯನ್ನೂ ಬಳಕೆದಾರರ ಮಿತಿಯನ್ನೂ ಕೂಡಿಸುವುದರಿಂದ ಬಿಗಿಯಾದ 077 ಹಾಗೇ ಉಳಿಯುತ್ತದೆ. ಇನ್‌ಸ್ಟಾಲ್ ಯಶಸ್ವಿ, ಆದರೆ ರೂಟ್ ಬಿಟ್ಟು ಬೇರೆ ಯಾರಿಗೂ ಆ ಫೈಲುಗಳನ್ನು ಓದಲು ಬಾರದು. ಒಬ್ಬರು ಕಾಫಿಗೆ ಸಕ್ಕರೆ ಬೇಡವೆಂದರೆಂದು ಮದುವೆಮನೆಯ ಭಟ್ಟರು ಇಡೀ ಪಂಕ್ತಿಗೆ ಸಕ್ಕರೆ ನಿಲ್ಲಿಸಿದ ಹಾಗೆ.

ವಿಂಡೋಸ್ ಬಳಸುವವರು ಇದು ತಮ್ಮ ಕಥೆಯಲ್ಲ ಎಂದು ಬೀಗಬೇಕಾಗಿಲ್ಲ. ಅಲ್ಲಿನ ಸಿಎಂಡಿ ಪ್ರೋಗ್ರಾಂಗೆ ರಿಜಿಸ್ಟ್ರಿಯಲ್ಲಿ ಆಟೋರನ್ ಎಂಬ ಜಾಗವಿದೆ. ಅಲ್ಲಿ ಬರೆದ ಕಮಾಂಡ್ ಪ್ರತಿ ಸಲ ಸಿಎಂಡಿ ತೆರೆದಾಗಲೂ ಓಡುತ್ತದೆ, ಇನ್‌ಸ್ಟಾಲರ್ ಹಿನ್ನೆಲೆಯಲ್ಲಿ ತೆರೆದಾಗಲೂ ಓಡುತ್ತದೆ. ನೋಡ್ ಜೆಎಸ್ ಕಟ್ಟಿದವರು ಇದನ್ನು ಮೊದಲೇ ಎಣಿಸಿ, ತಾವು ಸಿಎಂಡಿಯನ್ನು ಕರೆಯುವಾಗ ಆಟೋರನ್ ಬಿಡು ಎನ್ನುವ ‘/ಡಿ’ ಆಯ್ಕೆಯನ್ನು ಸೇರಿಸಿದ್ದಾರೆ. ಇನ್ನು ಪಾತ್ ವೇರಿಯಬಲ್‌ಗೆ ಹೊಸ ಫೋಲ್ಡರ್ ಸೇರಿಸಲು ಎಷ್ಟೋ ಸೂಚನೆಗಳು ಹೇಳುವ ಸೆಟ್‌ಎಕ್ಸ್ ಕಮಾಂಡ್ 1024 ಅಕ್ಷರಗಳಾಚೆಗಿನದನ್ನು ಕತ್ತರಿಸಿ ಬಿಸಾಡುತ್ತದೆ. ಜಾವಾ ಸೇರಿಸಲು ಹೋಗಿ ಮೊದಲಿದ್ದ ಪೈಥಾನ್ ಕಳೆದುಕೊಳ್ಳುವುದು ಹೀಗೆ.

ಇಷ್ಟೆಲ್ಲದರ ಬೆಲೆ ತೆರುವವರು ಯಾರು? ಅನುಭವಿಗಳಲ್ಲ. ಅವರು ದೋಷಸಂದೇಶ ಕಂಡ ಕ್ಷಣ ಎಲ್ಲಿ ಕೈಹಾಕಬೇಕೆಂದು ಬಲ್ಲರು. ಏಟು ಬೀಳುವುದು ಹೊಸದಾಗಿ ಕಲಿಯುವವರಿಗೆ. ‘ಈ ಸಾಲನ್ನು ನಿಮ್ಮ ಬ್ಯಾಶ್‌ಆರ್‌ಸಿಗೆ ಸೇರಿಸಿ’ ಎಂದು ಇಂಗ್ಲಿಷ್ ಸೂಚನೆ ಹೇಳಿತು, ಸೇರಿಸಿದರು. ಆ ಸಾಲು ಏನು ಮಾಡುತ್ತದೆ, ಯಾವಾಗ ತೆಗೆಯಬೇಕು ಎಂದು ಅದು ಹೇಳಲಿಲ್ಲ. ಮೂರನೇ ಸೆಮಿಸ್ಟರ್‌ನಲ್ಲಿ ಅಂಟಿಸಿದ ಸಾಲು ಏಳನೇ ಸೆಮಿಸ್ಟರ್‌ನ ಪ್ರಾಜೆಕ್ಟನ್ನು ಕೆಡಿಸಬಹುದು. ಆಗ ಬರುವ ದೋಷಸಂದೇಶವೂ ಇಂಗ್ಲಿಷಿನದೇ, ಅದರಲ್ಲಿ ಬ್ಯಾಶ್‌ಆರ್‌ಸಿಯ ಹೆಸರೇ ಇರುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ತನ್ನ ಇಂಗ್ಲಿಷನ್ನೂ ತನ್ನ ತಲೆಯನ್ನೂ ಅನುಮಾನಿಸುತ್ತಾಳೆಯೇ ಹೊರತು ಇನ್‌ಸ್ಟಾಲರ್‌ನ ವಿನ್ಯಾಸವನ್ನಲ್ಲ. ಫಾರ್ಮ್ಯಾಟ್ ಮಾಡಿ ಮತ್ತೆ ಹಾಕು ಎಂಬ ಗೆಳೆಯರ ಸಲಹೆ ಕೆಲಸ ಮಾಡುತ್ತದೆ, ಏಕೆಂದರೆ ಅದರಲ್ಲಿ ಆ ಸಾಲೂ ಅಳಿಸಿಹೋಗುತ್ತದೆ. ಏಕೆ ಸರಿಯಾಯಿತೆಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಹಾಗಾದರೆ ಇನ್‌ಸ್ಟಾಲರ್ ಎಲ್ಲ ವೈಯಕ್ತಿಕ ಸೆಟ್ಟಿಂಗ್‌ಗಳನ್ನೂ ಕಣ್ಣುಮುಚ್ಚಿ ಕಡೆಗಣಿಸಲಿ ಎನ್ನಬಹುದೇ? ಅದಕ್ಕೊಂದು ಗಟ್ಟಿ ಆಕ್ಷೇಪವಿದೆ. ಕಾಲೇಜು, ಬ್ಯಾಂಕು, ಸರ್ಕಾರಿ ಕಚೇರಿಗಳಲ್ಲಿ ಇಂಟರ್ನೆಟ್ ಸಿಗುವುದು ಪ್ರಾಕ್ಸಿ ಮೂಲಕವಾದರೆ, ಆ ಪ್ರಾಕ್ಸಿಯ ವಿಳಾಸ ಇರುವುದು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ. ಅದನ್ನು ಅಳಿಸಿದರೆ ಇನ್‌ಸ್ಟಾಲರ್‌ಗೆ ಹೊರಜಗತ್ತೇ ಇಲ್ಲ. ಸುಡೋ ಸುರಕ್ಷತೆಗೆಂದು ವೇರಿಯಬಲ್‌ಗಳನ್ನು ಕಳಚುವಾಗ ಪ್ರಾಕ್ಸಿಯನ್ನೂ ಕಳಚಿ, ಬ್ರೌಸರ್‌ನಲ್ಲಿ ಇಂಟರ್ನೆಟ್ ಬರುತ್ತಿದ್ದರೂ ಆಪ್ಟ್ ಕಮಾಂಡ್‌ಗೆ ಸಂಪರ್ಕ ಸಿಗದೆ ತಲೆಕೆರೆದುಕೊಳ್ಳುವಂತೆ ಮಾಡುತ್ತದೆ. ಸಂಸ್ಥೆಯ ಸ್ವಂತ ಪ್ರಮಾಣಪತ್ರ, ಹತ್ತಿರದ ಮಿರರ್ ಸರ್ವರ್‌ನ ವಿಳಾಸ, ಇವೂ ಅಂಥವೇ. ಇವು ಅಭಿರುಚಿಯ ಸೆಟ್ಟಿಂಗ್‌ಗಳಲ್ಲ, ಆ ಜಾಗದ ವಾಸ್ತವ.

ಅಭಿರುಚಿಯನ್ನೂ ವಾಸ್ತವವನ್ನೂ ಬೇರ್ಪಡಿಸಲು ಸಾಧ್ಯವೆಂದು ತೋರಿಸಿದವರು ಇದ್ದಾರೆ. ಅತಿ ಕಟ್ಟುನಿಟ್ಟಿನವರೆಂದರೆ ನಿಕ್ಸ್. ಎಲ್ಕೋ ಡೋಲ್ಸ್ಟ್ರಾ ಎಂಬವರು ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧನೆಯಾಗಿ ಬೆಳೆಸಿದ, 2006ರಲ್ಲಿ ಪಿಎಚ್‌ಡಿ ಪ್ರಬಂಧವಾಗಿ ಬಂದ ವ್ಯವಸ್ಥೆ ಇದು. ನಿಕ್ಸ್ ಪ್ಯಾಕೇಜ್ ಕಟ್ಟುವಾಗ ಹೋಮ್ ಫೋಲ್ಡರಿನ ವಿಳಾಸವಾಗಿ ‘ಹೋಮ್‌ಲೆಸ್ ಶೆಲ್ಟರ್’ ಎಂಬ ಜಾಗವನ್ನು ಕೊಡುತ್ತದೆ. ಅಲ್ಲಿ ಯಾರ ಡಾಟ್‌ಫೈಲೂ ಇರುವುದಿಲ್ಲ. ಪಾತ್ ವೇರಿಯಬಲ್‌ಗೆ ಶುರುವಿನಲ್ಲಿ ಕೊಡುವ ಬೆಲೆ ‘ಪಾತ್ ನಾಟ್ ಸೆಟ್’. ಇಷ್ಟು ನಿಷ್ಠುರವಾದ ನಿಕ್ಸ್ ಕೂಡ ಇಂಟರ್ನೆಟ್‌ನಿಂದ ಮೂಲ ಕೋಡ್ ತರುವ ಹಂತದಲ್ಲಿ ಪ್ರಾಕ್ಸಿ ವೇರಿಯಬಲ್‌ಗಳಿಗೆ ದಾರಿ ಬಿಡುತ್ತದೆ. ಏನು ಒಳಬರಬಹುದು ಎಂಬ ಪಟ್ಟಿ ಬರೆದಿಟ್ಟಿರುತ್ತದೆ, ಉಳಿದದ್ದು ಹೊರಗೆ.

ಡೆಬಿಯನ್ ಕೂಡ ಇದೇ ದಾರಿಯಲ್ಲಿದೆ. ಅದರ ಡಿಬಿಲ್ಡ್ ಸಾಧನ ಕೈಬೆರಳೆಣಿಕೆಯ ವೇರಿಯಬಲ್‌ಗಳನ್ನು ಉಳಿಸಿಕೊಂಡು ಮಿಕ್ಕವನ್ನು ತೊಳೆಯುತ್ತದೆ. ಪ್ರತ್ಯೇಕ ಆವರಣದಲ್ಲಿ ಪ್ಯಾಕೇಜ್ ಕಟ್ಟುವ ಎಸ್‌ಬಿಲ್ಡ್, ಅಸ್ತಿತ್ವದಲ್ಲೇ ಇಲ್ಲದ ಫೋಲ್ಡರನ್ನು ಹೋಮ್ ಎಂದು ತೋರಿಸುತ್ತದೆ. 2013ರ ಸುಮಾರಿಗೆ ಡೆಬಿಯನ್ ಬಳಗದಲ್ಲಿ ಬೇರುಬಿಟ್ಟ ರಿಪ್ರೊಡ್ಯೂಸಿಬಲ್ ಬಿಲ್ಡ್ಸ್ ಯೋಜನೆ ಒಂದು ಹೆಜ್ಜೆ ಮುಂದಿದೆ. ಅದು ಒಂದೇ ಪ್ಯಾಕೇಜನ್ನು ಎರಡು ಸಲ ಕಟ್ಟುತ್ತದೆ, ಎರಡನೇ ಸಲ ಬೇಕೆಂದೇ ಟೈಮ್‌ಝೋನ್, ಭಾಷೆ, ಉಮಾಸ್ಕ್ ಮುಂತಾದವನ್ನು ಬದಲಿಸುತ್ತದೆ. ಎರಡೂ ಫಲಿತಾಂಶ ಬೈಟ್ ಬೈಟಿಗೂ ಹೊಂದದಿದ್ದರೆ ಆ ಪ್ಯಾಕೇಜ್ ಇನ್ನೂ ಯಾರದೋ ಸೆಟ್ಟಿಂಗ್‌ಗೆ ಕಿವಿಗೊಡುತ್ತಿದೆ ಎಂದು ಲೆಕ್ಕ.

ಸಂಚಾರ ಒಂದೇ ದಿಕ್ಕಿನದೂ ಅಲ್ಲ. ಇನ್‌ಸ್ಟಾಲರ್‌ಗಳು ಡಾಟ್‌ಫೈಲುಗಳನ್ನು ಓದುವುದಷ್ಟೇ ಅಲ್ಲ, ಅವುಗಳಲ್ಲಿ ಬರೆಯುತ್ತವೆ ಕೂಡ. ಅನಕೊಂಡ ತಾನು ಸೇರಿಸಿದ ತುಣುಕಿನ ಮೊದಲು ಕೊನೆಗಳಲ್ಲಿ ಗುರುತಿನ ಸಾಲು ಹಾಕುತ್ತದೆ, ತೆಗೆಯುವವರಿಗೆ ಅದು ಅನುಕೂಲ. ರಸ್ಟ್ ಭಾಷೆಯ ಇನ್‌ಸ್ಟಾಲರ್ ಯಾವ ಫೈಲನ್ನು ತಿದ್ದುತ್ತೇನೆಂದು ಮೊದಲೇ ತಿಳಿಸಿ, ಬೇಡವೆನ್ನಲು ಅವಕಾಶ ಕೊಡುತ್ತದೆ. ಈ ಸಭ್ಯತೆ ಎಲ್ಲರಿಗೂ ಇಲ್ಲ. 2025ರ ಆಗಸ್ಟ್‌ನಲ್ಲಿ ಎನ್‌ಎಕ್ಸ್ ಎಂಬ ಜನಪ್ರಿಯ ಬಿಲ್ಡ್ ಸಾಧನದ ಕೆಲವು ಆವೃತ್ತಿಗಳಿಗೆ ದುಷ್ಕರ್ಮಿಗಳು ವಿಷ ಬೆರೆಸಿ ಎನ್‌ಪಿಎಂನಲ್ಲಿ ಬಿಟ್ಟರು. ಇನ್‌ಸ್ಟಾಲ್ ಆಗುವಾಗಲೇ ಓಡುವ ಸ್ಕ್ರಿಪ್ಟು ಕಂಪ್ಯೂಟರಿನಲ್ಲಿದ್ದ ಗುಪ್ತ ಟೋಕನ್‌ಗಳನ್ನು ಕದ್ದದ್ದಲ್ಲದೆ ಬ್ಯಾಶ್‌ಆರ್‌ಸಿ ಮತ್ತು ಝಡ್‌ಎಸ್‌ಎಚ್‌ಆರ್‌ಸಿ ಫೈಲುಗಳ ಕೊನೆಗೆ ಒಂದು ಸಾಲು ಅಂಟಿಸಿತು: ಕಂಪ್ಯೂಟರನ್ನು ಈಗಲೇ ಆರಿಸು. ಟರ್ಮಿನಲ್ ತೆರೆದ ಕೂಡಲೇ ಯಂತ್ರ ಮುಚ್ಚಲು ಹೊರಡುತ್ತಿತ್ತು. ಯಾವ ಇನ್‌ಸ್ಟಾಲರ್ ಬೇಕಾದರೂ ಕೇಳದೆ ಬರೆಯಬಲ್ಲ ಜಾಗ ಕಳ್ಳರಿಗೂ ಅನುಕೂಲದ ಜಾಗವೇ.

ಸಾಫ್ಟ್‌ವೇರ್ ಹಂಚುವವರಿಂದ ಬಳಕೆದಾರರು ಕೇಳಬೇಕಾದದ್ದು ಹೆಚ್ಚೇನಲ್ಲ. ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ, ಬೇರೆ ಹೇಳದ ಹೊರತು ವೈಯಕ್ತಿಕ ಸ್ಟಾರ್ಟಪ್ ಫೈಲುಗಳನ್ನು ಬದಿಗಿಟ್ಟು ಕೆಲಸ ಮಾಡಲಿ. ಪ್ರಾಕ್ಸಿಯಂಥ ಅಗತ್ಯಗಳ ಪಟ್ಟಿಯನ್ನು ಬಹಿರಂಗವಾಗಿ ಬರೆದು, ಅವನ್ನಷ್ಟೇ ಒಳಗೆ ಬಿಡಲಿ. ಕೆಲಸ ಕೆಟ್ಟರೆ ದೋಷಸಂದೇಶದಲ್ಲಿ ತಾನು ಓದಿದ ಸೆಟ್ಟಿಂಗ್ ಫೈಲುಗಳ ಹೆಸರು ಹೇಳಲಿ. ಓಪನ್‌ಎಸ್‌ಎಸ್‌ಎಚ್‌ನ ಇತ್ತೀಚಿನ ಆವೃತ್ತಿಗಳು ಅತಿ ಉದ್ದದ ಸಂದೇಶದ ದೂರಿನ ಜೊತೆಗೇ, ಆ ಕಡೆಯ ಶೆಲ್ ಏನನ್ನೂ ಮುದ್ರಿಸದಂತೆ ನೋಡಿಕೊಳ್ಳಿ ಎಂದು ಸೂಚಿಸುತ್ತವೆ. ಆ ಒಂದು ಸಾಲು ಎಷ್ಟೋ ಗಂಟೆಗಳ ಹುಡುಕಾಟ ಉಳಿಸುತ್ತದೆ.

ಅಲ್ಲಿಯವರೆಗೆ ಲ್ಯಾಬುಗಳಲ್ಲಿ ಕಲಿಸಬಹುದಾದ ಒಂದು ಪರೀಕ್ಷೆ ಇದೆ. ಇನ್‌ಸ್ಟಾಲ್ ಕೈಕೊಟ್ಟಾಗ ಬೇರೇನನ್ನೂ ಮುಟ್ಟುವ ಮೊದಲು ಅದನ್ನೇ ಸೆಟ್ಟಿಂಗ್‌ಗಳಿಲ್ಲದ ಸ್ಥಿತಿಯಲ್ಲಿ ಓಡಿಸಿ ನೋಡುವುದು. ಬ್ಯಾಶ್‌ಗೆ ‘--ನೋಆರ್‌ಸಿ --ನೋಪ್ರೊಫೈಲ್’, ಆರ್‌ಗೆ ‘--ವೆನಿಲಾ’, ಪೈಥಾನ್‌ಗೆ ದೊಡ್ಡ ಅಕ್ಷರದ ‘-ಐ’, ಈಮ್ಯಾಕ್ಸ್‌ಗೆ ದೊಡ್ಡ ಅಕ್ಷರದ ‘-ಕ್ಯೂ’, ಪವರ್‌ಶೆಲ್‌ಗೆ ‘-ನೋಪ್ರೊಫೈಲ್’, ಸಿಎಂಡಿಗೆ ‘/ಡಿ’. ಎನ್ವಿರಾನ್‌ಮೆಂಟನ್ನು ಪೂರ್ತಿ ಬರಿದು ಮಾಡಲು ‘ಎನ್ವ್ -ಐ’. ಹಾಗೆ ಓಡಿಸಿದಾಗ ಕೆಲಸ ಸರಿಯಾದರೆ ಕಳ್ಳ ಮನೆಯೊಳಗೇ ಇದ್ದಾನೆ. ಫೈಲಿನ ಸಾಲುಗಳನ್ನು ಅರ್ಧರ್ಧ ಮಾಡಿ ನಿಷ್ಕ್ರಿಯಗೊಳಿಸುತ್ತ ಹೋದರೆ ಬೇಗ ಸಿಗುತ್ತಾನೆ. ಡೆಬಿಯನ್, ಉಬುಂಟು ಕೊಡುವ ಮೂಲ ಬ್ಯಾಶ್‌ಆರ್‌ಸಿಯ ಆರಂಭದಲ್ಲೇ ಎದುರಿಗೆ ಮನುಷ್ಯರಿಲ್ಲದಿದ್ದರೆ ಮುಂದೆ ಓದಬೇಡ ಎಂಬ ತಡೆಯಿದೆ. ಹೊಸ ಸಾಲು ಸೇರಿಸುವವರು ಅದರ ಕೆಳಗೆ ಸೇರಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಆರ್‌ಪ್ರೊಫೈಲ್‌ನಲ್ಲೂ ‘ಇಂಟರಾಕ್ಟಿವ್’ ಎಂಬ ಪರೀಕ್ಷೆಯಿಂದ ಇದೇ ಕೆಲಸ ಆಗುತ್ತದೆ.

ಆರ್‌ನ ಇನ್‌ಸ್ಟಾಲ್ ಕಮಾಂಡ್‌ಗೆ ‘--ಯೂಸ್ ವೆನಿಲಾ’ ಎಂಬ ಆಯ್ಕೆ ಈಗಾಗಲೇ ಇದೆ. ಅದನ್ನು ಕೊಟ್ಟರೆ ಬಳಕೆದಾರರ ಪ್ರೊಫೈಲ್ ಫೈಲುಗಳನ್ನು ಓದುವುದಿಲ್ಲ. ಆದರೆ ಅದು ಕೇಳಿದವರಿಗೆ ಮಾತ್ರ ಸಿಗುತ್ತದೆ, ಕೇಳಬೇಕೆಂದು ಗೊತ್ತಿರುವವರಿಗೆ ಅದರ ಅಗತ್ಯವೇ ಕಡಿಮೆ. ಈ ಲೆಕ್ಕ ತಿರುಗಬೇಕು. ಪ್ರೊಫೈಲ್ ಓದದಿರುವುದು ಸಹಜ ಸ್ಥಿತಿಯಾಗಲಿ, ಓದಲೇಬೇಕೆಂಬವರು ಆಯ್ಕೆ ಕೊಟ್ಟು ಕೇಳಲಿ. ಬದಲಿಸಿದರೆ ಕೆಲವರ ಹಳೆಯ ಏರ್ಪಾಡು ಕೆಡುವುದು ನಿಜ. ಗ್ರೆಪ್ ಕಟ್ಟಿದವರು ಆ ಮಾತಿಗೆ ಆರು ವರ್ಷಗಳ ಎಚ್ಚರಿಕೆಯ ಅವಧಿ ಕೊಟ್ಟು, ಆಮೇಲೆ ಬದಲಿಸಿಯೇ ಬಿಟ್ಟರು.